ಮೂರನೆಯ ಸ್ಟ್ರೈಕ್

ಅಡಿಲೇಡಿನ ಬೆಡ್‌ಫರ್ಡ್ ಪಾರ್ಕಿನಲ್ಲಿ ಓದುತ್ತಿದ್ದಾಗ ಇಂಗ್ಲಿಷ್ ನುಡಿಗಟ್ಟುಗಳಿಗೆಂದೇ ಒಂದು ನೋಟ್‌ಬುಕ್ ಇಟ್ಟಿದ್ದೆ. ಬೇಸ್‌ಬಾಲಿನಿಂದ ಬಂದವು ಒಂದು ಪುಟ, ಜೈಲಿನಿಂದ ಬಂದವು ಇನ್ನೊಂದು. ಪಕ್ಕದಲ್ಲಿ ಕನ್ನಡದ ಅರ್ಥ, ಯಾವಾಗ ಬಳಸುತ್ತಾರೆ ಎಂಬ ಟಿಪ್ಪಣಿ. ಮುಂದೆ ಪರ್ತ್‌ಗೆ ಬಂದು ಗಣಿಯೊಂದರಲ್ಲಿ ಎಂಜಿನಿಯರ್ ಆದ ಮೇಲೆ ಎರಡೂ ಪುಟ ಬೇಗ ತುಂಬಿದವು.

ಎರಡು ವಾರ ಗಣಿಯ ಕ್ಯಾಂಪು, ಒಂದು ವಾರ ಮನೆ. ಕ್ಯಾಂಪಿನವರ ಬಾಯಲ್ಲಿ ಕೋಣೆ ‘ಸೆಲ್’, ಮನೆಗೆ ಹೋಗುವ ವಿಮಾನ ‘ಪೆರೋಲ್’. ಬ್ರಿಸ್ಬೇನಿನಲ್ಲಿ ಕೂತು ಫೋನಿನಲ್ಲೇ ನಮ್ಮನ್ನು ನಡೆಸುತ್ತಿದ್ದ ಮ್ಯಾನೇಜರ್ ಅಮೆರಿಕದಲ್ಲಿ ಕೆಲಸ ಮಾಡಿ ಬಂದವನು. ಅವನದೆಲ್ಲ ಬೇಸ್‌ಬಾಲ್. ತಪ್ಪಿಸಿಕೊಂಡ ಶಿಫ್ಟು ಒಂದು ‘ಸ್ಟ್ರೈಕ್’, ಮೂರಾದರೆ ಔಟ್.

ಪಕ್ಕದ ಕೋಣೆಯ ಮೈಸೂರಿನ ಗೆಳೆಯನಿಗೆ ಎರಡಾಗಿದ್ದವು. ಹೆಂಡತಿ, ಎಳೆ ಮಗು ಪರ್ತ್‌ನ ಪಿಯಾರಾ ವಾಟರ್ಸ್‌ ಬಡಾವಣೆಯಲ್ಲಿ. ಅವನ ವೀಸಾ ಈ ಕೆಲಸಕ್ಕೇ ಕಟ್ಟಿದ್ದು. ಕೆಲಸ ಹೋದರೆ ಮೂವರೂ ದೇಶ ಬಿಡಬೇಕಾಗಿತ್ತು.

ಒಂದು ಸಂಜೆ, ಸಂಜೆಯೇ ಇರಬೇಕು, ಮೆಸ್ಸಿನಲ್ಲಿ ಯಾರೋ ಅವನನ್ನು ಹೇಗಿದ್ದೀಯ ಎಂದು ಕೇಳಿದರು.

“ಡೂಯಿಂಗ್ ಹಾರ್ಡ್ ಟೈಮ್, ಮೇಟ್,” ಎಂದ. ಕಠಿಣ ಸಜೆ ನಡೆದಿದೆ ಎಂದು. ಟೇಬಲ್ಲಿನವರೆಲ್ಲ ನಕ್ಕರು. ನಡತೆ ಚೆನ್ನಾಗಿದ್ದರೆ ಬೇಗ ಬಿಡುತ್ತಾರೆ ಬಿಡು ಎಂದು ಒಬ್ಬ ಛೇಡಿಸಿದ. ಗೆಳೆಯ ತಟ್ಟೆ ಮುಟ್ಟಿರಲಿಲ್ಲ. ಅದು ಆಗಲೇ ಕಂಡಿತ್ತೋ, ಆಮೇಲೆ ನಾನೇ ಸೇರಿಸಿಕೊಂಡೆನೋ ತಿಳಿಯದು. ಊಟ ಮುಗಿಯುವಷ್ಟರಲ್ಲಿ ಮ್ಯಾನೇಜರ್ ನನಗೆ ಫೋನ್ ಮಾಡಿ ನಿಮ್ಮವನು ಹೇಗಿದ್ದಾನೆ ಎಂದು ವಿಚಾರಿಸಿದ. ಜೋಕ್ ಹೊಡೆಯುತ್ತಿದ್ದಾನೆ, ಚೆನ್ನಾಗಿದ್ದಾನೆ ಎಂದೆ.

ಬೆಳಗ್ಗೆ ಅವನು ಶಿಫ್ಟಿನ ಬಸ್ಸಿಗೆ ಬರಲಿಲ್ಲ. ಹೋಗಿ ನೋಡಿದರೆ, ಒಂದು ಬೂಟು ಕೈಯಲ್ಲಿ ಹಿಡಿದು ಮಂಚದ ಅಂಚಿನಲ್ಲಿ ಕೂತಿದ್ದ.

“ಆಗ್ತಿಲ್ಲ ಕಣೋ. ನಿನ್ನೆ ಹೇಳಿದ್ನಲ್ಲ,” ಎಂದ.

“ನಂಗೆ ಕನ್ನಡದಲ್ಲಿ ಹೇಳ್ಬಾರ್ದಿತ್ತಾ?”

“ಕನ್ನಡದಲ್ಲಿ ಹೇಳಿದ್ರೆ ಅಲ್ಲೇ ಅತ್ಬಿಡ್ತಿದ್ದೆ.”

ಬ್ರಿಸ್ಬೇನಿಗೆ ಫೋನ್ ಮಾಡಿದೆ. ಇವನಿಗೆ ಹುಷಾರಿಲ್ಲ, ಡಾಕ್ಟರಿಗೆ ತೋರಿಸಬೇಕು, ಇವತ್ತಿನದನ್ನು ಲೆಕ್ಕ ಹಿಡಿಯಬೇಡಿ ಎಂದು ಬೇಡಿಕೊಂಡೆ. ಚೆನ್ನಾಗಿದ್ದಾನೆ ಎಂದು ನಿನ್ನೆ ನೀನೇ ಹೇಳಿದೆಯಲ್ಲ ಎಂದ ಮ್ಯಾನೇಜರ್. ಇದು ಮೂರನೆಯದು ಎಂದು ಹೇಳಿ ಫೋನ್ ಇಟ್ಟುಬಿಟ್ಟ. ಮತ್ತೆ ಮಾಡಿದೆ, ಎತ್ತಲಿಲ್ಲ. ನಾನು ಗೆಳೆಯನ ಬ್ಯಾಗಿಗೆ ಬಟ್ಟೆ ತುಂಬಿದೆ. ಅವನ ವಿಮಾನವನ್ನು ಅಂದು ಯಾರೂ ಪೆರೋಲ್ ಎನ್ನಲಿಲ್ಲ.

ಮೆಸ್ಸಿನಲ್ಲಿ ನಾನು ನಗಲಿಲ್ಲವೆಂದೇ ನನ್ನ ನೆನಪು. ಆದರೆ ನೋಟ್‌ಬುಕ್ಕಿನ ಜೈಲಿನ ಪುಟದಲ್ಲಿ, ಅವನ ಮಾತಿನ ಮುಂದೆ, ನನ್ನದೇ ದುಂಡಗಿನ ಅಕ್ಷರದಲ್ಲಿದೆ: ‘ತಮಾಷೆಗೆ ಬಳಸುತ್ತಾರೆ.’