ನಾನು ಹೇಳಬಾರದಾಗಿದ್ದ ಫಲಿತಾಂಶ

ಮೊನ್ನೆ ಹೂಡೆಯಿಂದ ಮೀನು ತರುವವನು ಥರ್ಮೋಕೋಲ್ ಡಬ್ಬಿಯ ಮುಚ್ಚಳ ತೆಗೆದಾಗ ಕಿರ್ರೆಂದು ಸದ್ದಾಯಿತು. ಬಂಗುಡೆ ಆರಿಸಲು ಬಗ್ಗಿದವಳು ಹಾಗೆಯೇ ನಿಂತುಬಿಟ್ಟೆ. ಇಂಥದ್ದೇ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ವರ್ಷ ಬಸ್ಸಿನಲ್ಲಿ ಓಡಾಡಿದ್ದೆ. ಅದರಲ್ಲಿ ಇದ್ದದ್ದು ಹೆಂಗಸರ ರಕ್ತ. ಒಂದು ನಳಿಕೆ, ಉದ್ಯಾವರದ ನಮ್ಮ ಪಕ್ಕದ ಮನೆಯ ಅಕ್ಕನದ್ದು...

ಎರಡು ಸಾವಿರದ ಇಸವಿ ಕಳೆದು ಮೂರೋ ನಾಲ್ಕೋ ವರ್ಷವಾಗಿತ್ತು. ಮಣಿಪಾಲದ ಪ್ರಯೋಗಾಲಯವೊಂದಕ್ಕೆ ಊರೂರಿನ ಆಸ್ಪತ್ರೆಗಳಿಂದ ರಕ್ತದ ನಳಿಕೆ ತಂದುಕೊಡುವುದು ನನ್ನ ಕೆಲಸ. ಮತ್ತೆ ಮತ್ತೆ ಗರ್ಭಪಾತವಾಗುವ ಹೆಂಗಸರ ಬಗ್ಗೆ ಅಲ್ಲೊಂದು ಅಧ್ಯಯನ ನಡೆಯುತ್ತಿತ್ತು. ಹೊಟ್ಟೆಯಲ್ಲಿರುವ ಮಗು ಅರ್ಧ ತಂದೆಯದ್ದಲ್ಲವೇ? ತಾಯಿಯ ದೇಹ ಅದನ್ನು ಹೊರಗಿನದ್ದೆಂದು ಅಟ್ಟದೆ ಇಟ್ಟುಕೊಳ್ಳಬೇಕು. ದೇಹದ ಕಾವಲು ಕಾಯುವ ಜೀನುಗಳಲ್ಲಿ ಒಂದಕ್ಷರ ಆಚೀಚೆಯಾದರೆ ಗರ್ಭ ಹೋಗುವ ಸಾಧ್ಯತೆ ತುಸು ಹೆಚ್ಚುತ್ತದೆಯೇ ಎಂದು ಅವರು ಹುಡುಕುತ್ತಿದ್ದರು. ಉತ್ತರ ಇನ್ನೂ ಸಿಕ್ಕಿರಲಿಲ್ಲ. ಹೋಲಿಸಿ ನೋಡಲು ಒಮ್ಮೆಯೂ ಗರ್ಭ ಹೋಗದ ತಾಯಂದಿರ ರಕ್ತವೂ ಬೇಕಿತ್ತು. ಜನ ಸಾಲದಾದಾಗ ಎರಡು ಮಕ್ಕಳ ತಾಯಿಯಾದ ನಾನೂ ರಕ್ತ ಕೊಟ್ಟಿದ್ದೆ.

ಅಕ್ಕನ ತವರು ಕಾರ್ಕಳ. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ನನ್ನ ಮಗಳ ಯೂನಿಫಾರ್ಮಿನ ಮಡಿಕೆ ಬಿಚ್ಚುತ್ತಾ, "ಇವಳು ಉದ್ದ ಬೆಳೆಯುವುದೇ ನನಗೆ ಕೆಲಸ ಕೊಡ್ಲಿಕ್ಕೆ ಮಾರಾಯ್ರೆ" ಎಂದು ನಗುತ್ತಿದ್ದರು. ನಾಲ್ಕು ಸಲ ಅವರ ಗರ್ಭ ಹೋಗಿತ್ತು. ನಾಗದೋಷವೆಂದು ಎರಡು ಸಲ ಆಶ್ಲೇಷಾ ಬಲಿ ಮಾಡಿಸಿದ್ದರು. ಕಾಪುವಿನ ಆಚೆಗಿದ್ದ ಕುಟುಂಬದ ನಾಗಬನಕ್ಕೆ ಅತ್ತೆ, ಮಾವ, ಮೈದುನಂದಿರು ಎಲ್ಲರೂ ಹೋಗಿ ನಾಗನಿಗೆ ಹಾಲು, ಎಳನೀರಿನ ತನು ಹಾಕಿಸಿ ಬಂದರು. ಅತ್ತೆ ಸೊಸೆಯ ಜೊತೆ ಉಪವಾಸ ಕೂತರು. ಬೈಗುಳ ಇರಲಿಲ್ಲ ಎಂದಲ್ಲ. ಆದರೆ ದೋಷ ಇಡೀ ಮನೆಯದ್ದಾಗಿತ್ತು.

ನನಗೆ ಅದನ್ನು ಕಂಡರೆ ಸಿಟ್ಟು. ಅಲ್ಪವಿದ್ಯಾ ಮಹಾಗರ್ವಿ ಎನ್ನುತ್ತಾರಲ್ಲ, ಹಾಗಿದ್ದೆ. ಒತ್ತಾಯ ಮಾಡಿ ಅಕ್ಕನ ರಕ್ತ ತೆಗೆಸಿದೆ. ನಳಿಕೆಗಳ ಮೇಲೆ ಸಂಖ್ಯೆ ಮಾತ್ರ, ಯಾರ ಫಲಿತಾಂಶವನ್ನೂ ಯಾರಿಗೂ ಹೇಳುವಂತಿಲ್ಲ ಎಂಬುದು ನಿಯಮ. ಅಕ್ಕ ಅದಕ್ಕೆ ಸಹಿ ಹಾಕಿದ್ದರು, ಆದರೂ ಪ್ರತಿ ಸಂಜೆ ಪಾಗಾರದ ಗೋಡೆಯ ಆಚೆಯಿಂದ ಒಂದೇ ಪ್ರಶ್ನೆ: "ಎಂತ, ಬಂತಾ?"

ಮೂರು ತಿಂಗಳು ತಡೆದೆ. ಆಮೇಲೆ ಒಂದು ಮಧ್ಯಾಹ್ನ, ಯಾರೂ ಇಲ್ಲದಾಗ ರಿಜಿಸ್ಟರ್ ತೆಗೆದು ಸಂಖ್ಯೆ ಹೊಂದಿಸಿ ನೋಡಿದೆ. ಅಕ್ಕನ ಸಂಖ್ಯೆಯ ಎದುರು ಆ ಒಂದಕ್ಷರದ ವ್ಯತ್ಯಾಸದ ಗುರುತಿತ್ತು. ಕೆಳಗೆ ನನ್ನ ಸಂಖ್ಯೆಯ ಎದುರೂ ಅದೇ ಗುರುತು! ನಗು ಬಂತು. ಎರಡು ಹೆತ್ತವಳಲ್ಲೂ ಇದೆ ಎಂದ ಮೇಲೆ ಅದೇನು ದೊಡ್ಡ ವಿಷಯ ಎಂದುಕೊಂಡೆ. ಸಂಜೆ ಅಕ್ಕನಿಗೆ ಅವರದ್ದನ್ನು ಮಾತ್ರ ಹೇಳಿದೆ. ಕಾರಣ ಸಿಕ್ಕಿತೆಂದು ಅವರಿಗೆ ಸಮಾಧಾನವಾದೀತು ಎಂದು ನಂಬಿದ್ದೆ.

ಭಾನುವಾರ ಬೆಳಿಗ್ಗೆ ಅವರ ಅತ್ತೆ ಮಗನನ್ನು ಕರೆದುಕೊಂಡು ನಮ್ಮ ಜಗಲಿಗೇ ಬಂದರು. ಹಿಂದೆ ತಲೆ ತಗ್ಗಿಸಿಕೊಂಡು ಅಕ್ಕ.

"ನಾಗದೋಷಕ್ಕಾದರೆ ಪರಿಹಾರ ಉಂಟು. ಇವಳ ರಕ್ತದಲ್ಲೇ ದೋಷ ಇದ್ದರೆ ನಾವು ಎಂತ ಮಾಡುವುದು? ಕಲಿತವರು ನೀವು, ಹೇಳಿ."

ಅದು ದೋಷವಲ್ಲ, ಅಷ್ಟರಿಂದಲೇ ಗರ್ಭ ಹೋಯಿತು ಎನ್ನುವ ಹಾಗಿಲ್ಲ, ಮಕ್ಕಳಾದವರಲ್ಲೂ ಅದು ಇರುತ್ತದೆ ಎಂದೆಲ್ಲ ತೊದಲಿದೆ.

"ಯಾರಲ್ಲಿ ಉಂಟು? ಒಬ್ಬರನ್ನು ತೋರಿಸಿ, ನಾನು ಸುಮ್ಮನಾಗ್ತೇನೆ."

ಅಕ್ಕ ತಲೆ ಎತ್ತಿ ನನ್ನನ್ನು ನೋಡಿದರು. ಬಾಗಿಲಲ್ಲಿ ನನ್ನ ಅತ್ತೆ ನಿಂತಿದ್ದರು, ಅವರ ಸೆರಗು ಹಿಡಿದು ಎಂಟು ವರ್ಷದ ನನ್ನ ಮಗಳು. ನಾಳೆ ಇವಳಿಗೂ ಈ ಮಾತು ಅಂಟಿಕೊಂಡರೆ? ತಾಯಿಯ ರಕ್ತ ಸರಿ ಇಲ್ಲವಂತೆ ಎಂದು ಊರೆಲ್ಲ ಆಡಿಕೊಂಡರೆ?

"ಹೆಸರು ಹೇಳುವ ಹಾಗಿಲ್ಲ, ಅದು ನಿಯಮ" ಎಂದೆ.

ಅಕ್ಕನ ವಿಷಯದಲ್ಲಿ ಮುರಿದ ನಿಯಮವನ್ನು ನನ್ನ ವಿಷಯಕ್ಕೆ ಬಂದಾಗ ಗಟ್ಟಿಯಾಗಿ ಹಿಡಿದುಕೊಂಡೆ. ಅವರ ಅತ್ತೆ ಮೆಟ್ಟಿಲಿಳಿದರು. ಎರಡು ವಾರದಲ್ಲಿ ಅಕ್ಕ ಹೊಲಿಗೆ ಯಂತ್ರದ ಸಮೇತ ಕಾರ್ಕಳಕ್ಕೆ ಹೋದರು. ಹೋಗುವಾಗ ನನ್ನ ಮಗಳ ಲಂಗ ಇಸ್ತ್ರಿ ಮಾಡಿ ಕೊಟ್ಟು ಹೋದರು. ಮರುವರ್ಷ ಅವರ ಗಂಡನಿಗೆ ಇನ್ನೊಂದು ಮದುವೆಯಾಯಿತು.

ಉದ್ಯಾವರದಿಂದ ಕಾರ್ಕಳ ಎಷ್ಟು ದೂರ? ಒಂದೂವರೆ ಗಂಟೆಯ ದಾರಿ. ಹೋಗಲಿಲ್ಲ. ಮಗಳ ಮದುವೆಯಾಗಲಿ ಎಂದುಕೊಂಡೆ, ಅವಳಿಗೊಂದು ಮಗುವಾಗಲಿ ಎಂದುಕೊಂಡೆ... ಎರಡೂ ಆದ ಮೇಲೆ, ಕಳೆದ ವರ್ಷ, ಹೋದೆ. ಬಾಗಿಲು ತೆರೆದದ್ದು ಅಕ್ಕನ ತಮ್ಮ. ಅಕ್ಕ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

"ಇನ್ನೊಂದು ಮದುವೆ ಮಾಡುವ ಅಂತ ನಾವು ತುಂಬ ಹೇಳಿದೆವು" ಎಂದ ಅವನು. "ಒಪ್ಪಲೇ ಇಲ್ಲ. ನನ್ನ ರಕ್ತವೇ ಸರಿ ಇಲ್ಲ, ಇನ್ನೊಂದು ಮನೆ ಯಾಕೆ ಹಾಳು ಮಾಡ್ಲಿ ಅಂತಿದ್ದಳು."

ಆಗ ಹೇಳಿದೆ. ನನ್ನಲ್ಲೂ ಅದೇ ಉಂಟು, ನನಗೆ ಎರಡು ಮಕ್ಕಳು ಎಂದೆ.

"ಅವಳಿಗೆ ಗೊತ್ತಿತ್ತಾ?"

ಇಲ್ಲ ಎಂದೆ. ಅವನು ಒಳಗೆ ಹೋಗಿ ನನಗೆ ಕುಡಿಯಲು ನೀರು ತಂದುಕೊಟ್ಟ. ಆ ನೀರನ್ನು ಹೇಗೆ ಕುಡಿದೆನೋ ಇವತ್ತಿಗೂ ಗೊತ್ತಿಲ್ಲ.