ಹಾಲೇಶ ಉಂಡ ತುತ್ತು

ದೆವ್ವ ಕಂಡೆ, ಕನಸಿನಲ್ಲಿ ಸತ್ಯ ತಿಳಿಯಿತು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ರೇಗುತ್ತದೆ. ಚನ್ನಗಿರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವಳು ನಾನು. ಹಾಗಿದ್ದೂ ಇದನ್ನು ಬರೆಯುತ್ತಿದ್ದೇನೆ. ನೀವು ನಕ್ಕರೆ ತಪ್ಪು ತಿಳಿಯುವುದಿಲ್ಲ.

ಎಂಬತ್ತರ ದಶಕದ ಆರಂಭ. ನನ್ನ ತಮ್ಮ ಹಾಲೇಶ ಹೊಟ್ಟೆನೋವೆಂದು ಬಗ್ಗಿ ಕೂತವನು ಮೇಲೇಳಲಿಲ್ಲ. ದಾವಣಗೆರೆಯ ಆಸ್ಪತ್ರೆಯೊಂದಕ್ಕೆ ಸೇರಿಸಿದೆ. ಮೇದೋಜೀರಕ ಗ್ರಂಥಿ ಊದಿಕೊಂಡಿದೆ, ಬಾಯಿಗೆ ಏನು ಬಿದ್ದರೂ ಅದು ಮತ್ತೆ ಕೆರಳುತ್ತದೆ, ಹನಿ ನೀರೂ ಕೂಡದು, ಜೀವಕ್ಕೇ ಅಪಾಯ ಎಂದರು ಡಾಕ್ಟರು. ಕೈಗೆ ಗ್ಲೂಕೋಸ್, ಮೂಗಿನಿಂದ ಹೊಟ್ಟೆಯವರೆಗೆ ನಳಿಕೆ, ನೋವಿಗೆ ಇಂಜೆಕ್ಷನ್. ಉಳಿದದ್ದು ಕಾಯುವುದು. ಅವ್ವ ಕಾಲು ಮುರಿದುಕೊಂಡು ಹೊನ್ನಾಳಿಯ ಮನೆಯಲ್ಲಿ ಮಲಗಿದ್ದರಿಂದ ಕಾವಲು ನನ್ನ ಪಾಲಿಗೆ ಬಂತು.

ರೋಗಕ್ಕಿಂತ ನೆಂಟರೇ ನನ್ನನ್ನು ಹೆಚ್ಚು ಗೋಳು ಹೊಯ್ದುಕೊಂಡರು. ಬಂದವರೆಲ್ಲ ಕೈಚೀಲದಲ್ಲಿ ಏನಾದರೊಂದು ತರುವವರೇ. ತ್ಯಾವಣಿಗೆಯ ಸೋದರತ್ತೆ ಎಳನೀರು ಹಿಡಿದು ನಿಂತು, "ಉಪಾಸ ಕೆಡವಿ ಕೊಲ್ಲಾಕೆ ಕರ್ಕಂಡು ಬಂದೀಯೇನೇ?" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಾಡಿದಳು. ನಾನೂ ಸುಮ್ಮನಿರಲಿಲ್ಲ, ಎಳನೀರು ಕಿತ್ತುಕೊಂಡು ಪಕ್ಕದ ಹಾಸಿಗೆಯವರಿಗೆ ಕೊಟ್ಟುಬಿಟ್ಟೆ. ಹಾಲೇಶ ಒಣಗಿದ ತುಟಿಯಲ್ಲಿ "ಒಂದು ಗುಟುಕು, ಅಕ್ಕ" ಎಂದಾಗ ಮಾತ್ರ ಗೋಡೆ ಕಡೆ ತಿರುಗಿ ಅತ್ತುಬಿಡುತ್ತಿದ್ದೆ.

ಒಂದು ಮಧ್ಯಾಹ್ನ ಅವನು ಕಣ್ಣು ತೆರೆದು, "ಅವ್ವ ಮಜ್ಜಿಗೆ ಅನ್ನ ಉಣಿಸಿ ಹೋದ್ಲು. ಒಂದೇ ತುತ್ತು. ಇನ್ನೊಂದು ಕೇಳಿದ್ರೆ ಕೊಡಲಿಲ್ಲ ನೋಡು" ಎಂದ.

ನಾನು ಕುರ್ಚಿ ಬಿಟ್ಟು ಎದ್ದಿರಲೇ ಇಲ್ಲ. ಆದರೂ ಯಾರೋ ತಿನ್ನಿಸಿದ್ದಾರೆಂದು ನರ್ಸು, ಆಯಾ ಎಲ್ಲರ ಮೇಲೂ ಹರಿಹಾಯ್ದೆ. ಡಾಕ್ಟರು ನಳಿಕೆಯಿಂದ ಎಳೆದು ನೋಡಿದರು; ಹಸಿರು ಪಿತ್ತವಷ್ಟೇ ಬಂತು. "ಜ್ವರದ ಕನವರಿಕೆ ಕಣ್ರೀ" ಎಂದರು. ಆದರೆ ಅವನ ಬಾಯಿಯ ಹತ್ತಿರ ಬಗ್ಗಿದ ನನಗೆ ಅವ್ವ ಮಜ್ಜಿಗೆಗೆ ಹಾಕುವ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂತು. ಆಮೇಲೆ ನೋವು ಇಳಿಯುತ್ತ ಬಂತು. ಔಷಧದಿಂದಲೇ ಇರಬೇಕು.

ಅವನು ಎದ್ದು ಓಡಾಡುವಂತಾದ ಮೇಲೆ ಹೊನ್ನಾಳಿಗೆ ಹೋದೆ. ಅವ್ವನ ಕಾಲಿನ ಪ್ಲಾಸ್ಟರ್ ಇನ್ನೂ ಬಿಚ್ಚಿರಲಿಲ್ಲ. ನಾನು ಬಾಯಿ ಬಿಡುವ ಮೊದಲೇ ಅವಳು ನನ್ನ ಮೇಲೆ ಸಿಟ್ಟಾದಳು. "ಪಾಪ, ಇನ್ನೊಂದು ತುತ್ತು ಕೇಳ್ದ. ಕೈಯಾಗೆ ಅನ್ನ ಇತ್ತು. ನೀನು ಅಲ್ಲೇ ಕುಂತಿದ್ದೆಲ್ಲ, ಬೈತೀಯ ಅಂತ ಹೆದರಿ ಬಂದ್ಬಿಟ್ಟೆ."

ಯಾರಾದರೂ ಬಂದು ಹೇಳಿದರಾ, ಕನಸು ಕಂಡೆಯಾ ಎಂದು ಪರಿಪರಿಯಾಗಿ ಕೇಳಿದೆ. "ಮಗನಿಗೆ ಉಣಿಸಾಕೆ ಯಾರನ್ನ ಕೇಳ್ಬೇಕೇ?" ಎಂದಳೇ ಹೊರತು ಬೇರೆ ಉತ್ತರ ಕೊಡಲಿಲ್ಲ.

ಹಾಲೇಶನಿಗೆ ಅದೇನೂ ನೆನಪಿಲ್ಲ. ಅವ್ವ ಈಗಿಲ್ಲ. ಅವಳು ಬಂದಿದ್ದು ಸುಳ್ಳೇ ಇರಬಹುದು. ನಿಜವೇ ಆಗಿದ್ದರೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದ ನನಗೆ ಯಾಕೆ ಕಾಣಲಿಲ್ಲ? ಅಷ್ಟು ದೂರ ಬಂದವಳು ನನ್ನನ್ನು ಒಂದು ಮಾತಾಡಿಸಿಯಾದರೂ ಹೋಗಬಾರದಿತ್ತೆ ಎಂದು ಈಗಲೂ ಅವಳ ಮೇಲೆ ಸಿಟ್ಟು ಬರುತ್ತದೆ.