ಒಂಬತ್ತನೇ ಗುಂಡಿಯ ನೀರು

ಬೆಳಗಿನ ಆರು ಗಂಟೆಗೆ ಹತ್ತು ನಿಮಿಷ ಬಾಕಿ. ಓಣಿಯ ನಡುವೆ ಒಳಚರಂಡಿಯ ಕಬ್ಬಿಣದ ಮುಚ್ಚಳವೊಂದು ಪಕ್ಕಕ್ಕೆ ಸರಿದು ಬಿದ್ದಿದೆ. ಬಾಯಿ ತೆರೆದ ಗುಂಡಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಮಡಚುವ ಸ್ಟೂಲಿನ ಮೇಲೆ ಐವತ್ತೊಂದು ವರ್ಷದ ಹೆಂಗಸೊಬ್ಬರು ಕೂತು ಕೈಗಡಿಯಾರ ನೋಡುತ್ತಿದ್ದಾರೆ. ಮುಚ್ಚಳ ತೆಗೆದ ಮೇಲೆ ಹತ್ತು ನಿಮಿಷ ಹಾಗೇ ಬಿಡಬೇಕು, ಒಳಗಿನ ಕೆಟ್ಟ ಗಾಳಿ ಹೊರಗೆ ಹೋಗಬೇಕು. ನಾನು ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದೇನೆ. ಅವರಿಗೆ ನಗು. "ಮೊದಲ್ನೇ ವಾರ ಎಲ್ರೂ ಹಂಗೇ ಮೇಡಂ. ಆಮೇಲೆ ಮೂಗೇ ಸುಮ್ನಾಗುತ್ತೆ."

ಹತ್ತು ನಿಮಿಷ ಮುಗಿಯುತ್ತದೆ. ಹಗ್ಗ ಕಟ್ಟಿದ ಸ್ಟೀಲಿನ ಕ್ಯಾನು ಒಳಗೆ ಇಳಿದು ತುಂಬಿ ಮೇಲೆ ಬರುತ್ತದೆ. ಒಂದು ಹನಿಯೂ ಚೆಲ್ಲದಂತೆ ಅದನ್ನು ಲೀಟರಿನ ಬಾಟಲಿಗೆ ಸುರಿದು, ಬಾಟಲಿಯ ಮೈ ಒರೆಸಿ, ಗುಂಡಿಯ ನಂಬರು, ತಾರೀಖು, ಗಂಟೆ ಬರೆದ ಚೀಟಿ ಅಂಟಿಸಿ ಐಸ್ ಪೆಟ್ಟಿಗೆಯೊಳಗೆ ಇಡುತ್ತಾರೆ. ಹಾಲಿಗೆ ಹೊರಟ ಮುದುಕರೊಬ್ಬರು ನಿಂತು, "ಏನಮ್ಮಾ, ಇವತ್ತಾದ್ರೂ ಬಂಗಾರ ಸಿಕ್ತಾ?" ಎಂದು ಕೇಳುತ್ತಾರೆ. "ನಿಮ್ಮನೆ ಪೈಪಿಂದ ಇನ್ನೂ ಬಂದಿಲ್ಲ ತಾತ, ಅದಕ್ಕೇ ಕಾಯ್ತಾ ಇದೀನಿ," ಎಂದು ಇವರು ತಿರುಗಿಸಿ ಕೊಡುತ್ತಾರೆ.

ಓಣಿಯ ಮಕ್ಕಳಿಗೆ ಇವರು ಬಾಟಲಿ ಅಕ್ಕ. ಊರಿನ ಪ್ರಯೋಗಾಲಯವೊಂದರಲ್ಲಿ ಗಾಜಿನ ಸಾಮಾನು ತೊಳೆಯಲು ಸೇರಿದವರು. ಆರು ವರ್ಷದ ಹಿಂದೆ ಪೋಲಿಯೊ ಪರೀಕ್ಷೆಗೆ ಚರಂಡಿ ನೀರು ತರುವ ಕೆಲಸ ಬಂದಾಗ ಉಳಿದವರೆಲ್ಲ ಮೂಗು ಮುರಿದರಂತೆ, ಇವರು ಒಪ್ಪಿಕೊಂಡರು. ಪೋಲಿಯೊ ವೈರಸ್ ಹೊಕ್ಕ ಮಕ್ಕಳಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಜ್ವರ ಕೂಡ ಕಾಣಿಸದೆ ಹೋಗಬಹುದು. ನೂರಾರು ಮಕ್ಕಳಲ್ಲಿ ಎಲ್ಲೋ ಒಂದರ ಕಾಲು ಸೋಲುತ್ತದೆ. ಆದರೆ ಮಲದಲ್ಲಿ ವೈರಸ್ ಮೊದಲೇ ಹೊರಬರುತ್ತದೆ, ಪೈಪು ಹಿಡಿದು ಗುಂಡಿಗೆ ಇಳಿಯುತ್ತದೆ. ಅದನ್ನು ಅಲ್ಲೇ ಹಿಡಿದರೆ ಕಾಲು ಸೋಲುವ ಮೊದಲೇ ಆ ಓಣಿಯ ಮಕ್ಕಳ ಬಾಯಿಗೆ ಲಸಿಕೆಯ ಹನಿ ಹಾಕಬಹುದು.

ಊರಲ್ಲಿ ಹೀಗೆ ಆರಿಸಿಟ್ಟ ಗುಂಡಿಗಳು ಹದಿನಾಲ್ಕು. ತಿಂಗಳಿಗೆ ಹದಿನಾಲ್ಕು ಬಾಟಲಿ, ವರ್ಷಕ್ಕೆ ನೂರ ಅರವತ್ತೆಂಟು. ಎಲ್ಲವೂ ಬೆಳಗ್ಗೆ ಆರರಿಂದ ಏಳೂವರೆಯೊಳಗೆ, ಊರು ಎದ್ದು ಬಚ್ಚಲು ಸೇರುವ ಹೊತ್ತಿಗೆ. ಒಂಬತ್ತರೊಳಗೆ ಪ್ರಯೋಗಾಲಯ ತಲುಪಬೇಕು. ಆಮೇಲೆ ಸಂಜೆಯವರೆಗೆ ಅದೇ ಗಾಜು ತೊಳೆಯುವ ಕೆಲಸ. ಒಂದೊಂದು ಮುಚ್ಚಳವೂ ಐವತ್ತು ಕಿಲೋ ತೂಗುತ್ತದೆ. ಹಾರೆ ಹಾಕಿ ಮೀಟಿ, ಕೊಕ್ಕೆಯಿಂದ ಎಳೆಯುತ್ತಾರೆ. ಸೊಂಟ ನಾಲ್ಕು ವರ್ಷದ ಹಿಂದೆಯೇ ದೂರು ಕೊಡಲು ಶುರು ಮಾಡಿದೆ. ದರ್ಜಿಯಾಗಿರುವ ಗಂಡ, ಬಾಟಲಿ ಅಲುಗಾಡದಂತೆ ಪೆಟ್ಟಿಗೆಯೊಳಗೆ ದಪ್ಪ ಬಟ್ಟೆಯ ಗೂಡು ಹೊಲಿದು ಕೊಟ್ಟಿದ್ದಾರೆ. "ಬೇರೆಯವರ ಹೆಂಡ್ತೀರು ಬೆಳಗ್ಗೆದ್ದು ಹಾಲು ತರ್ತಾರೆ. ನನ್ನವಳು ಏನು ತರ್ತಾಳೆ ಅಂತ ನಾನು ಯಾರಿಗೂ ಹೇಳೋ ಹಂಗಿಲ್ಲ," ಎಂದು ಅವರೂ ನಗುತ್ತಾರೆ.

ಈ ಪುರವಣಿಗೆ ಎಲೆಮರೆಯ ಕಾಯಿಯೊಂದನ್ನು ಹುಡುಕುತ್ತಾ ನಾನು ಇವರಲ್ಲಿಗೆ ಬಂದಿದ್ದೆ. ಕೈ ಕೆಸರಾಗುವುದು ಇವರದು, ಮೊಸರು ತಿನ್ನುವ ಬಾಯಿ ಬೇರೆಯವರದು ಎಂದು ತಲೆಬರಹವನ್ನೂ ಮನಸ್ಸಿನಲ್ಲೇ ಬರೆದುಕೊಂಡಿದ್ದೆ. ಬಾಟಲಿ ಅಕ್ಕ ಮೊದಲ ದಿನವೇ ಅದಕ್ಕೆ ತಣ್ಣೀರು ಎರಚಿದರು. "ಹೊಗಳಿ ಬರೆಯೋದಾದ್ರೆ ಬೇಡ ಮೇಡಂ. ನಾನು ಮಾಡಿದ ತಪ್ಪನ್ನೂ ಬರೀತೀನಿ ಅಂದ್ರೆ ಬನ್ನಿ."

ಆ ತಪ್ಪು ನಡೆದದ್ದು ಮೂರು ವರ್ಷದ ಹಿಂದೆ, ಒಂಬತ್ತನೇ ಗುಂಡಿಯ ಬಳಿ. ಊರಿನ ತಗ್ಗಿನ ನಾಲ್ಕು ಓಣಿಗಳ ನೀರು ಸೇರುವ ಜಾಗ ಅದು. ಒಂದೇ ಗೋಡೆಗೆ ಆತುಕೊಂಡ ಒಂದೂವರೆ ಕೋಣೆಯ ಮನೆಗಳು, ಮೂರು ಮನೆಗೊಂದು ಪಾಯಿಖಾನೆ. ಅವತ್ತು ಬೆಳಗ್ಗೆ ಹೋದರೆ ಯಾರೋ ಮನೆ ಬದಲಿಸುತ್ತಿದ್ದ ಸಾಮಾನಿನ ಲಾರಿ ಮುಚ್ಚಳದ ಮೇಲೇ ನಿಂತಿತ್ತು. ಡ್ರೈವರ್ ಬೀಗ ಹಾಕಿ ಎಲ್ಲೋ ಮಲಗಿದ್ದ. ಕಾದರೂ ಬರಲಿಲ್ಲ. ನಿಯಮದ ಪ್ರಕಾರ ಪುಸ್ತಕದಲ್ಲಿ 'ಸಿಗಲಿಲ್ಲ' ಎಂದು ಬರೆದು ಮಾರನೇ ದಿನ ಮತ್ತೆ ಹೋಗಬೇಕಿತ್ತು. ಹಿಂದಿನ ತಿಂಗಳೇ ಎರಡು 'ಸಿಗಲಿಲ್ಲ' ಬರೆದು ಮೇಲಿನವರಿಂದ ಮಾತು ಕೇಳಿದ್ದರು. ಇಪ್ಪತ್ತೆರಡು ಹೆಜ್ಜೆ ಮೇಲಕ್ಕೆ ಇನ್ನೊಂದು ಮುಚ್ಚಳವಿತ್ತು. ಅದನ್ನು ತೆಗೆದು ನೀರು ತುಂಬಿಸಿದರು. ಚೀಟಿಯ ಮೇಲೆ ಒಂಬತ್ತು ಎಂದೇ ಬರೆದರು.

"ಗೊತ್ತಿಲ್ದೆ ಮಾಡಿದ್ದಲ್ಲ ಮೇಡಂ," ಎನ್ನುತ್ತಾರೆ, ಹಗ್ಗ ಸುತ್ತುತ್ತಾ. "ಮೇಲಿನ ಮುಚ್ಚಳದಲ್ಲಿ ದೊಡ್ಡ ಮನೆಗಳ ನೀರಷ್ಟೇ ಬರುತ್ತೆ, ತಗ್ಗಿನೋರದ್ದು ಬರಲ್ಲ. ನೆಲದೊಳಗೆ ಯಾವ ಪೈಪು ಎಲ್ಲಿ ಹೋಗುತ್ತೆ ಅಂತ ನನ್ನ ಅಂಗೈ ಗೆರೆಗಿಂತ ಚೆನ್ನಾಗಿ ಗೊತ್ತು. ಒಂದು ಸಲ ತಾನೇ ಅಂದ್ಕೊಂಡೆ. ಸೊಂಟ ನೋಯ್ತಿತ್ತು. ಅಷ್ಟೇ."

ಮೂರು ವಾರಕ್ಕೆ ಫಲಿತಾಂಶ ಬಂತು: ಒಂಬತ್ತರಲ್ಲಿ ವೈರಸ್ ಇಲ್ಲ. ಮುಂದಿನ ತಿಂಗಳು ಅವರು ಸರಿಯಾದ ಗುಂಡಿಯಿಂದಲೇ ನೀರು ತಂದರು. ಅದರ ಫಲಿತಾಂಶ ಇನ್ನೂ ಬರುವ ಮೊದಲೇ ತಗ್ಗಿನ ಎರಡನೇ ಓಣಿಯಲ್ಲಿ ಎರಡು ವರ್ಷದ ಹುಡುಗಿಯೊಂದು ಬೆಳಗ್ಗೆ ಎದ್ದು ನಿಲ್ಲಲು ಹೋಗಿ ಬಿದ್ದಳು. ಬಲಗಾಲಿನಲ್ಲಿ ಶಕ್ತಿಯೇ ಇರಲಿಲ್ಲ. ವಾರ ಕಳೆದು ಕಾಗದ ಬಂತು: ಒಂಬತ್ತರಲ್ಲಿ ವೈರಸ್ ಇದೆ. ಆರು ದಿನದಲ್ಲಿ ಸುತ್ತಲಿನ ಎರಡು ಸಾವಿರದ ಮುನ್ನೂರು ಮಕ್ಕಳಿಗೆ ಹನಿ ಹಾಕಿದರು. ಬೇರೆ ಯಾವ ಮಗುವಿಗೂ ಏನೂ ಆಗಲಿಲ್ಲ. ಪ್ರಯೋಗಾಲಯದಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಕೈಕುಲುಕಿದರು. ಬಾಟಲಿ ಅಕ್ಕ ತೊಳೆಯುವ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತರು.

ಅವತ್ತೇ ಸಂಜೆ ಹೋಗಿ ಪ್ರಯೋಗಾಲಯದ ಮುಖ್ಯಸ್ಥೆಗೆ ಎಲ್ಲ ಹೇಳಿದರು. ಇವರ ಬಾಯಲ್ಲಿ ಅವರು ಡಾಕ್ಟ್ರಮ್ಮ. ಡಾಕ್ಟ್ರಮ್ಮ ಪುಸ್ತಕ ತೆಗೆದು ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ ಕಾರಣ ಬರೆದು ಸಹಿ ಮಾಡಿದರು. ಅಂದಿನಿಂದ ತೆರೆದ ಮುಚ್ಚಳದ ಪಕ್ಕ ಬಾಟಲಿ ಇಟ್ಟು ಫೋಟೊ ತೆಗೆಯುವ ನಿಯಮ ಬಂದಿದೆ. ಆ ವರ್ಷದ ಸಂಶೋಧನಾ ಲೇಖನದಲ್ಲಿ 'ನೂರ ಅರವತ್ತೇಳು ಮಾದರಿಗಳನ್ನು ಸಂಗ್ರಹಿಸಲಾಯಿತು' ಎಂದಿದೆ. ಸಂಗ್ರಹಿಸಿದವರು ಯಾರು ಎಂದು ಅದರಲ್ಲಿಲ್ಲ. ನೂರ ಅರವತ್ತೆಂಟರಲ್ಲಿ ಒಂದು ಎಲ್ಲಿ ಹೋಯಿತು ಎಂದು ಓದಿದವರೂ ಕೇಳಿಲ್ಲ.

ನಾನು ಡಾಕ್ಟ್ರಮ್ಮನನ್ನು ನೇರವಾಗಿಯೇ ಕೇಳಿದೆ. ಅವತ್ತು ಸರಿಯಾದ ನೀರು ಬಂದಿದ್ದರೆ ಆ ಮಗುವಿನ ಕಾಲು ಉಳಿಯುತ್ತಿತ್ತೇ? "ಗೊತ್ತಿಲ್ಲ," ಎಂದರು. "ಅವತ್ತು ಒಂಬತ್ತರಲ್ಲಿ ವೈರಸ್ ಇತ್ತು ಅಂತಾದ್ರೆ ಮಗು ಬೀಳೋಕೆ ಮೂರು ವಾರ ಮೊದಲೇ ಹನಿ ಹಾಕ್ತಿದ್ವಿ. ಉಳಿಯೋ ಸಾಧ್ಯತೆ ಇತ್ತು. ಇನ್ನೂ ಬಂದೇ ಇರ್ಲಿಲ್ಲ ಅಂತಾದ್ರೆ ಏನೂ ವ್ಯತ್ಯಾಸ ಆಗ್ತಿರ್ಲಿಲ್ಲ. ತೆಗೀದೇ ಇರೋ ನೀರನ್ನ ಪರೀಕ್ಷೆ ಮಾಡೋಕಾಗಲ್ವಲ್ಲ." ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು ಎಂದು ನನಗೆ ಸಿಟ್ಟು ಬಂತು. ಬಾಟಲಿ ಅಕ್ಕನಿಗೆ ಬರಲಿಲ್ಲ. "ಅವರು ಸುಳ್ಳು ಹೇಳಲ್ಲ ಮೇಡಂ. 'ನಿನ್ನ ತಪ್ಪಿಲ್ಲ ಹೋಗು' ಅಂದಿದ್ರೆ ನನಗೆ ಸುಲಭ ಆಗ್ತಿತ್ತು. ಅನ್ಲಿಲ್ಲ."

ಕೆಂಪು ಶಾಯಿ ಪುಸ್ತಕದಲ್ಲೇ ಉಳಿಯಿತು, ತಗ್ಗಿನ ಓಣಿಗೆ ಹೋಗಲಿಲ್ಲ. ಅಲ್ಲಿ ಎಲ್ಲ ತಪ್ಪೂ ಮಗುವಿನ ತಾಯಿಯ ತಲೆಗೆ ಬಂದಿತ್ತು. ಮಗು ಬೀಳುವ ಕೆಲವು ತಿಂಗಳ ಮುಂಚೆ, ಊರಲ್ಲಿ ಪೋಲಿಯೊ ಹನಿ ಹಾಕುವ ದಿನ ಅದಕ್ಕೆ ಜ್ವರವಿತ್ತು, ಆಕೆ ಕರೆದೊಯ್ದಿರಲಿಲ್ಲ. ಜ್ವರದ ಮಗುವನ್ನು ಹೊರಗೆ ಒಯ್ಯಬೇಡ ಎಂದವರು ಅತ್ತೆಯೇ ಎಂದು ನೆರೆಯವರು ಹೇಳುತ್ತಾರೆ. ಆದರೆ ಮೂರು ವರ್ಷದಿಂದ ದಿನಾ ಬೆಳಗ್ಗೆ ಆ ಮನೆಯಿಂದ ಕೇಳುವುದು ಅತ್ತೆಯ ದನಿ: "ಹೆತ್ತ ತಾಯೇ ಮಗೂನ ಕಾಲು ಮುರಿದ್ಲು." ಒಂಬತ್ತನೇ ಗುಂಡಿ ಇರುವುದು ಆ ಮನೆಯ ಬಾಗಿಲಿಂದ ಎಂಟೇ ಅಡಿ ದೂರದಲ್ಲಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಆ ಬೈಗುಳ ಕೇಳಿದಾಗಲೆಲ್ಲ ಬಾಟಲಿ ಅಕ್ಕನ ಕೈಯಿಂದ ಹಗ್ಗ ಜಾರುತ್ತದೆ. ಒಮ್ಮೆ ಕ್ಯಾನೇ ಗುಂಡಿಯೊಳಗೆ ಬಿದ್ದಿತ್ತು.

"ಮತ್ಯಾಕೆ ಇಷ್ಟು ದಿನ ಹೇಳ್ಲಿಲ್ಲ?" ಎಂದು ಕೇಳಿದೆ. "ಹೆದರಿಕೆ," ಎಂದರು. ಪೆಟ್ಟಿಗೆಯ ಬಾಯಿ ಮುಚ್ಚುತ್ತಾ ಮುಂದುವರಿಸಿದರು: "ನಾನೂ ಮೂರು ಹೆತ್ತೋಳು. ಆ ಹುಡುಗಿ ಒಬ್ಳೇ ಅಷ್ಟೂ ಬೈಗುಳ ತಿಂತಿದ್ದಾಳೆ, ಅದ್ರಲ್ಲಿ ನನ್ನ ಪಾಲೂ ಇದೆ. ಪೇಪರಲ್ಲಿ ಬರೋಕೆ ಮುಂಚೆ ನನ್ನ ಬಾಯಿಂದಲೇ ಕೇಳ್ಲಿ. ನೀವು ಜೊತೆಗಿದ್ರೆ ನನ್ನ ಕಾಲು ವಾಪಸ್ ತಿರುಗಲ್ಲ, ಅದಕ್ಕೇ ಕರೆದಿದ್ದು."

ಹೀಗೆ ನಾವು ಆ ಬಾಗಿಲಿಗೆ ಹೋದೆವು. ಬಾಟಲಿ ಐಸಿಗೆ ಸೇರಿಸಿ, ಕೈ ಎರಡು ಸಲ ಸೋಪು ಹಾಕಿ ತೊಳೆದುಕೊಂಡು, ಆಮೇಲೆ. ಹೊಸಿಲ ಬಳಿ ನೀಲಿ ಪ್ಲಾಸ್ಟಿಕ್ಕಿನ ಪುಟ್ಟ ಕುರ್ಚಿಯಲ್ಲಿ ಹುಡುಗಿ ಕೂತಿದ್ದಳು. ಈಗ ಐದು ವರ್ಷ. ತಾಯಿ ನೆಲದ ಮೇಲೆ ಕೂತು ಅವಳ ಬಲಗಾಲಿಗೆ ಕಬ್ಬಿಣದ ಪಟ್ಟಿಯ ಆಸರೆ ಬಿಗಿಯುತ್ತಿದ್ದಳು. ಮಂಡಿಯ ಮೇಲೆ ಎರಡು ಬಕಲು, ಕೆಳಗೆ ಎರಡು. ಬಾಟಲಿ ಅಕ್ಕ ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದರು. ಲಾರಿ, ಮೇಲಿನ ಮುಚ್ಚಳ, ಚೀಟಿಯ ಮೇಲಿನ ಸುಳ್ಳು ನಂಬರು. ಡಾಕ್ಟ್ರಮ್ಮನ 'ಗೊತ್ತಿಲ್ಲ'ವನ್ನೂ ಬಿಡಲಿಲ್ಲ.

ತಾಯಿ ತಲೆ ಎತ್ತಲಿಲ್ಲ. ನಾಲ್ಕನೇ ಬಕಲು ಹಾಕಿ ಮುಗಿಸಿದಳು. ಆಮೇಲೆ ಕೇಳಿದಳು. "ಈ ಮೂರು ವರ್ಷವೂ ಇದೇ ಬಾಗಿಲ ಮುಂದೆ ಬರ್ತಿದ್ರಾ?"

"ಹೂಂ."

"ನಮ್ಮತ್ತೆ ಬೈಯೋದು ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು ತಾಯಿ."

ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಅತ್ತೆ ಕತ್ತಲಲ್ಲಿ ಬಾಗಿಲಿಗೆ ಒರಗಿ ನಿಂತಿದ್ದರು. ತಾಯಿ ಮಗಳನ್ನು ಎತ್ತಿ ನಿಲ್ಲಿಸಿದಳು. "ಮತ್ತೆ ಯಾವಾಗ ಬರ್ತೀರ?" ಎಂದಳು. ತಿಂಗಳ ಎರಡನೇ ಗುರುವಾರ ಎಂದು ಇವರು ಹೇಳಿದರು. ಆಕೆ ಕುರ್ಚಿ ಒಳಗೆಳೆದುಕೊಂಡು ಬಾಗಿಲು ಹಾಕಿದಳು. ಆ ದಿನ ಆ ಹೊತ್ತಿಗೆ ನಿಮ್ಮ ಮುಖ ಕಾಣದಂತೆ ಇರುತ್ತೇನೆ ಎಂದೇ ಆ ಪ್ರಶ್ನೆಯ ಅರ್ಥ ಎಂದು ನಾವಿಬ್ಬರೂ ಅಂದುಕೊಂಡೆವು. ಬಾಟಲಿ ಅಕ್ಕ ಐಸ್ ಪೆಟ್ಟಿಗೆ ಎತ್ತಿಕೊಂಡು ತಮ್ಮ ಸ್ಕೂಟರಿನತ್ತ ನಡೆದರು.

ಏನಾದರೂ ಆಸೆ ಇದೆಯೇ ಎಂದು ಇಂಥ ಬರಹದ ಕೊನೆಗೆ ಕೇಳುವುದು ವಾಡಿಕೆ. ಕೇಳಿದೆ. ಸನ್ಮಾನ, ಶಾಲು, ಫೋಟೊ ಯಾವುದೂ ಬೇಡವಂತೆ. "ಹದಿನಾಲ್ಕು ಮುಚ್ಚಳದ ಸುತ್ತಲೂ ಹಳದಿ ಬಣ್ಣ ಬಳಿಸ್ಲಿ, ಗಾಡಿ ನಿಲ್ಲಿಸಬೇಡಿ ಅಂತ ಬರೆಸ್ಲಿ. ಅಷ್ಟು ಸಾಕು." ಈ ಬಗ್ಗೆ ಮೂರು ಅರ್ಜಿ ಹೋಗಿವೆ. ಬಣ್ಣ ಬಂದಿಲ್ಲ, ಉತ್ತರವೂ ಬಂದಿಲ್ಲ. ಒಂಬತ್ತರ ಓಣಿಯಲ್ಲಿ ಈಗಲೂ ಜಾಗ ಸಿಕ್ಕಿದವರು ಸಿಕ್ಕಿದ ಕಡೆ ಗಾಡಿ ನಿಲ್ಲಿಸುತ್ತಾರೆ.

ಇಲ್ಲಿಗೆ ಬರಹ ಮುಗಿಸಿದ್ದೆ. ಆದರೂ ಮನಸ್ಸು ತಡೆಯದೆ ಎರಡನೇ ಗುರುವಾರ ಮತ್ತೆ ಹೋದೆ. ಆರು ಗಂಟೆ. ಓಣಿಯ ಎರಡೂ ಬದಿ ಗಾಡಿಗಳು ಒತ್ತೊತ್ತಾಗಿ ನಿಂತಿವೆ. ನಡುವೆ ಒಂದು ಮುಚ್ಚಳದಷ್ಟು ಜಾಗ ಮಾತ್ರ ಖಾಲಿ. ಅದರ ಮೇಲೆ ನೀಲಿ ಪ್ಲಾಸ್ಟಿಕ್ಕಿನ ಪುಟ್ಟ ಕುರ್ಚಿ. ಅದರ ಸೀಟಿನ ಮೇಲೆ ಇಬ್ಬನಿ ಕೂತಿದೆ, ರಾತ್ರಿಯೇ ತಂದಿಟ್ಟಿರಬೇಕು.

ಬಾಟಲಿ ಅಕ್ಕ ಬಹಳ ಹೊತ್ತು ಅದನ್ನು ಮುಟ್ಟಲಿಲ್ಲ. ಆಮೇಲೆ ಎರಡೂ ಕೈಯಲ್ಲಿ ಎತ್ತಿ ಗೋಡೆಯ ಬದಿಗಿಟ್ಟು, ಹಾರೆ ತೆಗೆದುಕೊಂಡರು. ಮುಚ್ಚಳ, ಹತ್ತು ನಿಮಿಷ, ಹಗ್ಗ, ಕ್ಯಾನು, ಫೋಟೊ. ಬಾಟಲಿಗೆ ಚೀಟಿ ಅಂಟಿಸುವ ಹೊತ್ತಿಗೆ ಬಾಗಿಲು ತೆರೆಯಿತು. ತಾಯಿ ಬರಿಗಾಲಲ್ಲೇ ಬಂದು ಗುಂಡಿಯನ್ನು ನೋಡಿದಳು, ಬಾಟಲಿಯನ್ನು ನೋಡಿದಳು.

"ಇದ್ರದ್ದೇ ತಾನೇ?"

"ಇದ್ರದ್ದೇ ತಾಯಿ."

ಆಕೆ ಬಗ್ಗಿ ಚೀಟಿಯನ್ನು ತಾನೇ ಓದಿದಳು. ಅಷ್ಟರಲ್ಲಿ ಬಾಟಲಿ ಅಕ್ಕ ಕೈ ತೊಳೆದು, ಪೆಟ್ಟಿಗೆಯಿಂದ ಹೊಸ ಬಟ್ಟೆಯೊಂದನ್ನು ತೆಗೆದು ಕುರ್ಚಿಯನ್ನು ಒರೆಸತೊಡಗಿದರು. ಸೀಟು, ಬೆನ್ನು, ನಾಲ್ಕು ಕಾಲು.

"ಸಾಕು ಕೊಡಿ," ಎಂದಳು ತಾಯಿ, ಕೈ ಚಾಚಿ. "ಅವಳನ್ನ ಕೂರಿಸಿ ಕಾಲಿಗೆ ಪಟ್ಟಿ ಕಟ್ಬೇಕು."